ತೊಳೆದು ಮಡಚಿದ ರುಮಾಲು

“ಅಕ್ಕಾರ, ಮಳಿಗೆ ನಿಮ್ಮ ಚೀಲ ಎಲ್ಲಾ ತೊಯ್ದಿತ್ರಿ. ಅದಕ್ಕ ಅರಿವಿ ಒಗದು, ಒಣಗಿಸಿ ತಂದೀನಿ,” ಎಂದು ಆ ಹೆಣ್ಣುಮಗಳು ಅಕ್ಕಲಕೋಟ ಬಸ್ ನಿಲ್ದಾಣದಲ್ಲಿ ಚೀಲ ಕೊಟ್ಟಾಗ ನನ್ನ ಕೈ ಸೀದಾ ಅದರ ತಳಕ್ಕೆ ಹೋಯಿತು.

ಆಳಂದದಿಂದ ಪಂಢರಪುರಕ್ಕೆ ವಿಠ್ಠಲನ ಭಕ್ತರ ದಿಂಡಿಯ ಜೊತೆ ನಡೆದು ಹೊರಟಿದ್ದೆ. ಪ್ರತಿ ವರ್ಷ ನಡೆಯುತ್ತಿದ್ದವರು ನನ್ನ ಯಜಮಾನರು; ಅವರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಮಾದನಹಿಪ್ಪರಗಾ ತಲುಪುವಷ್ಟರಲ್ಲಿ ಮೊಣಕಾಲು ಹಿಡಿದುಕೊಂಡು, ಚೀಲ ಹೊರಲಾಗದೆ ಕುಳಿತುಬಿಟ್ಟೆ. ತವರಿನಿಂದ ಅಕ್ಕಲಕೋಟಕ್ಕೆ ಬಸ್ಸು ಹತ್ತಲು ನಿಂತಿದ್ದ ಈಕೆ ತಾನಾಗಿಯೇ ಚೀಲ ಇಸಿದುಕೊಂಡು, ನಾನು ನಿಧಾನವಾಗಿ ನಡೆದು ಗಡಿ ದಾಟಿ ಬಂದ ಮೇಲೆ ಫೋನ್ ಮಾಡಲು ಹೇಳಿದ್ದಳು. ಚೀಲದ ತಳದಲ್ಲಿ ಯಜಮಾನರ ರುಮಾಲಿತ್ತು. ಅವರ ತಲೆಯ ವಾಸನೆ ಉಳಿಯಲೆಂದು ನಾನದನ್ನು ನೀರಿಗೇ ಹಾಕಿರಲಿಲ್ಲ.

ರುಮಾಲು ತೆಗೆದು ಮೂಗಿಗೆ ಹಿಡಿದೆ. ಬರೀ ಸೋಪಿನ ವಾಸನೆ. ಕಣ್ಣು ತುಂಬಿ ಬಂದವು.

“ಯಾಕ್ರಿ ಅಕ್ಕಾರ, ಏನರ ಕಡಿಮಿ ಆಗ್ಯಾದೇನ್ರಿ?” ಆಕೆ ಗಾಬರಿಯಾದಳು. ಹೊರಗೆ ಮಳೆ ನಿಲ್ಲದೆ, ಒಂದೊಂದೇ ಬಟ್ಟೆಯನ್ನು ಒಲೆಯ ಬಿಸಿಗೆ ಹಿಡಿದು ಒಣಗಿಸಿದ್ದಳಂತೆ.

“ಏನಿಲ್ಲವ್ವ. ಒಡಹುಟ್ಟಿದಾಕಿನೂ ಇಷ್ಟು ಮಾಡ್ತಿದ್ದಿಲ್ಲ,” ಎಂದು ಅವಳ ಎರಡೂ ಕೈ ಹಿಡಿದುಕೊಂಡೆ.

ಈಗಲೂ ಆಕೆ ಆಗಾಗ ಫೋನ್ ಮಾಡಿ ನನ್ನ ಮೊಣಕಾಲು ವಿಚಾರಿಸುತ್ತಾಳೆ. ಅಂದು ನಾನು ಅತ್ತದ್ದು ಯಾಕೆಂದು ಮಾತ್ರ ಇವತ್ತಿಗೂ ಹೇಳಿಲ್ಲ. ಹೇಳಿದರೆ, ಮತ್ತೊಬ್ಬರ ಭಾರ ಇಸಿದುಕೊಳ್ಳಲು ಆ ಕೈಗಳು ಹಿಂಜರಿದಾವು.