ಸಿದ್ದೇಶ್ ಮಗಳೊಂದಿಗೆ ಕಡಲಿಗೆ ಹೋದದ್ದು

ಸಿದ್ದೇಶ್ ಬನ್ನಿಮಂಟಪದ ಕಡೆಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ನಂಜನಗೂಡಿನ ಪಕ್ಕದ ಹಳ್ಳಿಯವನು. ಐ.ಟಿ.ಐ. ಮುಗಿಸಿ ಕೆಲಸ ಹುಡುಕಿಕೊಂಡು ಮೈಸೂರಿಗೆ ಬಂದವನು ಇಲ್ಲಿಯವನೇ ಆಗಿಹೋದ. ಎಂಜಿನ್ನುಗಳ ಸದ್ದಿನ ನಡುವೆ ಕೂಗಿ ಕೂಗಿ ಮಾತಾಡುವ ಅಭ್ಯಾಸ ಅವನಿಗೆ. ಮನೆಗೆ ಬಂದರೂ ದನಿ ತಗ್ಗುತ್ತಿರಲಿಲ್ಲ. ಶ್ರೀರಾಂಪುರದ ಬಡಾವಣೆಯಲ್ಲಿ ಅವನು ತನ್ನ ಮನೆಯ ಬಾಗಿಲಲ್ಲಿ ನಿಂತು ಫೋನಿನಲ್ಲಿ ಮಾತಾಡಿದರೆ, ಎದುರು ಸಾಲಿನವರಿಗೆಲ್ಲ ಅವನ ಮನೆಯಲ್ಲಿ ಇವತ್ತೇನು ಸಾರು ಅನ್ನುವುದು ತಿಳಿದುಬಿಡುತ್ತಿತ್ತು. ಒಳ್ಳೆಯವನು, ಯಾರ ಸ್ಕೂಟರ್ ಕೆಟ್ಟರೂ ಊಟ ಬಿಟ್ಟು ಎದ್ದು ಹೋಗುವವನು. ಆದರೆ ಅವನ ಹತ್ತಿರ ಗುಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆ ಮನೆಯಲ್ಲಿ ಗುಟ್ಟೊಂದು ಇತ್ತು. ಅದು ಮಗಳು ಬಿಂದುವಿನದು. ಒಂದನೇ ಕ್ಲಾಸು ಮುಗಿಸಿದ್ದರೂ ಅವಳು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದಳು. ಸಿದ್ದೇಶನ ಹೆಂಡತಿ ಪವಿತ್ರ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳು ಮಗಳನ್ನು ಮಕ್ಕಳ ಡಾಕ್ಟರಿಗೆ ತೋರಿಸಿಯೂ ಇದ್ದಳು. ಪರೀಕ್ಷೆ ಮಾಡಿದ ಡಾಕ್ಟರು, "ತೊಂದರೆ ಏನೂ ಕಾಣಿಸ್ತಿಲ್ಲ. ಕೆಲವು ಮಕ್ಕಳಿಗೆ ಹತೋಟಿ ಬರೋದು ತಡ. ಬೈಯಬೇಡಿ, ಬೇರೆಯವರ ಮುಂದೆ ಆಡಬೇಡಿ" ಎಂದು ಹೇಳಿ ಕಳಿಸಿದ್ದರು. ಪವಿತ್ರ ಹಾಗೆಯೇ ನಡೆಸಿಕೊಂಡು ಬಂದಳು. ಬೆಳಗಿನ ಪಾಳಿಗೆ ಬೇಗ ಏಳಬೇಕೆಂದು ಸಿದ್ದೇಶ್ ನಡುಮನೆಯಲ್ಲಿ ಮಲಗುತ್ತಿದ್ದ. ಅವನು ಎದ್ದು ಹಲ್ಲುಜ್ಜುವ ಹೊತ್ತಿಗೆ ಒಗೆದ ಬಟ್ಟೆಗಳು ತಾರಸಿಯ ತಂತಿಯ ಮೇಲೆ ಇರುತ್ತಿದ್ದವು. ವಿಷಯ ಗೊತ್ತಿದ್ದರೂ, ಅವು ಅಲ್ಲಿಗೆ ಹೇಗೆ ಹೋದವು ಎಂದು ಅವನು ಯೋಚಿಸಿರಲಿಲ್ಲ.

ಒಮ್ಮೆ ಹುಣಸೂರಿನಲ್ಲಿ ನೆಂಟರ ಮನೆಯಲ್ಲಿ ಉಳಿದುಕೊಂಡಾಗ ಅಲ್ಲಿಯ ಮಕ್ಕಳು ಬಿಂದುವಿನ ಹಾಸಿಗೆ ನೋಡಿ ನಕ್ಕಿದ್ದರು. ಅಲ್ಲಿಂದ ಮುಂದೆ ಅವಳು ಯಾರ ಮನೆಯಲ್ಲೂ ರಾತ್ರಿ ನಿಲ್ಲಲಿಲ್ಲ. ಮದುವೆಗೆ ಹೋದರೂ ಕೊನೆಯ ಬಸ್ಸು ಹಿಡಿದು ಮನೆ ಸೇರಬೇಕು. ರಜಾ ಬಂದರೆ ಮೃಗಾಲಯ, ಕಾರಂಜಿ ಕೆರೆ, ಸಂಜೆಗೆ ವಾಪಸ್ಸು.

ಈ ಸಲ ಬೇಸಿಗೆ ರಜೆಯಲ್ಲಿ ಅವರ ಬೀದಿಯ ಕೆಲವರು ಸೇರಿ ಮುರುಡೇಶ್ವರಕ್ಕೆ ಹೊರಟರು. ಮೂಲೆಯಲ್ಲಿ ಸ್ಟೇಷನರಿ ಅಂಗಡಿ ಇಟ್ಟಿದ್ದ ವಿಜಯ್‌ಕುಮಾರ್ ಮಿನಿ ಬಸ್ಸು ಗೊತ್ತು ಮಾಡಿದ. ಅವನ ಮಗಳು ಸುಷ್ಮಿತಾ ಬಿಂದುವಿನ ಕ್ಲಾಸಿನವಳೇ. ಅವಳು ಬಂದು ಸಮುದ್ರದ ಸುದ್ದಿ ಹೇಳಿದ ದಿನದಿಂದ ಬಿಂದುಗೆ ಬೇರೆ ಮಾತೇ ಇಲ್ಲ. ಅಮ್ಮ ಜೊತೆಗಿರುತ್ತಾಳೆ, ತಮಗೆ ಬೇರೆ ರೂಮು ಇರುತ್ತದೆ ಎಂದ ಮೇಲೆ ರಾತ್ರಿ ಉಳಿಯಲು ಅವಳೂ ಒಪ್ಪಿದಳು. ಹೊರಡುವ ಹಿಂದಿನ ದಿನ ಪವಿತ್ರಳ ವಾರ್ಡಿನ ಇನ್ನೊಬ್ಬ ನರ್ಸಿಗೆ ಹುಷಾರು ತಪ್ಪಿತು. ಕೊಟ್ಟಿದ್ದ ರಜೆಯನ್ನು ಆಸ್ಪತ್ರೆಯವರು ವಾಪಸ್ ತೆಗೆದುಕೊಂಡರು.

"ನೀವಿಬ್ರೇ ಹೋಗ್ಬನ್ನಿ" ಅಂದಳು ಪವಿತ್ರ.

"ನಾನೊಬ್ನೇನಾ? ರಾತ್ರಿ ಎಂಗೆ ಮಾಡೋದು?"

"ನಾನು ಹೆಂಗೆ ಮಾಡ್ತೀನೋ ಹಂಗೇ."

ಆಗ ಸಿದ್ದೇಶನಿಗೆ, ಅವಳು ಹೇಗೆ ಮಾಡುತ್ತಾಳೆ ಎಂಬುದೇ ತನಗೆ ಗೊತ್ತಿಲ್ಲ ಅನ್ನಿಸಿತು.

ಪವಿತ್ರ ಒಂದು ಕೈಚೀಲ ತಂದು ಮಂಚದ ಮೇಲೆ ಬಿಚ್ಚಿದಳು. ರಬ್ಬರ್ ಶೀಟು, ಅದರ ಮೇಲೆ ಹಾಸಲು ಮೆತ್ತಗಾದ ಹಳೇ ಕಾಟನ್ ಸೀರೆಗಳು, ಬದಲಾಯಿಸಲು ಬಟ್ಟೆ, ಒದ್ದೆಯಾದದ್ದನ್ನು ಹಾಕಿ ಮುಚ್ಚಲು ಪ್ಲಾಸ್ಟಿಕ್ ಕವರು, ಸೋಪಿನ ಪುಡಿ. ಡಯಾಪರ್ ಇರಲಿಲ್ಲ. ಹಿಂದೊಮ್ಮೆ ತಂದಾಗ ಬಿಂದು, "ನಾನೇನು ಪಾಪುನಾ?" ಎಂದು ಅತ್ತು ರಂಪ ಮಾಡಿದ್ದಳು.

"ಬಿಸಿಲು, ಹಗಲೆಲ್ಲಾ ಚೆನ್ನಾಗಿ ನೀರು ಕುಡಿಸಿ. ರಾತ್ರಿ ಊಟ ಆದ್ಮೇಲೆ ಕಮ್ಮಿ ಮಾಡಿ. ಮಲಗೋಕ್ ಮುಂಚೆ ಒಂದಕ್ಕೆ ಕಳಿಸಿ. ಇಷ್ಟೆಲ್ಲಾ ಮಾಡಿದ್ರೂ ಆಗುತ್ತೆ. ಆದಾಗ ಏನೂ ಮಾತಾಡ್ಬೇಡಿ. ಬಟ್ಟೆ ಬದಲಾಯ್ಸಿ, ಮಲಗಿಸಿ, ಅಷ್ಟೇ."

"ಏನೂ ಮಾತಾಡ್ದೆ ಎಂಗೇ ಇರೋದು?"

"ಅದೇ ಕಷ್ಟದ ಕೆಲ್ಸ ಕಣ್ರೀ, ನಿಮಗೆ" ಎಂದು ಪವಿತ್ರ ನಕ್ಕಳು. ಅಮ್ಮ ಬರದಿದ್ದರೂ ಬೇರೆ ರೂಮು ಇದೆಯಲ್ಲ ಎಂದು ಬಿಂದು ಹೊರಟಳು.

ಬಸ್ಸಿನ ಮುಂದಿನ ಸೀಟಿನಲ್ಲಿ ಶಾಂತಾದೇವಿ ಮೇಡಂ ಕೂತಿದ್ದರು. ಪ್ರೈಮರಿ ಸ್ಕೂಲಿನಲ್ಲಿ ಟೀಚರಾಗಿ ನಿವೃತ್ತರಾದವರು, ಆ ಬೀದಿಯಲ್ಲಿ ಒಬ್ಬರೇ ಇದ್ದರು. ಯಾರು ಎಲ್ಲಿಗೆ ಕರೆದರೂ ಹೋಗದ ಅವರು ಈ ಸಲ ಹೊರಟಿದ್ದೇ ಎಲ್ಲರಿಗೂ ಆಶ್ಚರ್ಯ. ಹಾಸನ ದಾಟುವ ಮೊದಲೇ ಅವರು ಎರಡು ಮೂರು ಸಲ ಬಸ್ಸು ನಿಲ್ಲಿಸಿದರು. "ಕಾಲು ಜೋಮು ಹಿಡೀತು ಕಣಪ್ಪ, ಒಂಚೂರು ಓಡಾಡ್ತೀನಿ" ಅನ್ನುವರು. ಹಿಂದಿನ ಸೀಟಿನವರು ಗೊಣಗಿಕೊಂಡರು. ಆದರೆ ಅವರು ಇಳಿದಾಗಲೆಲ್ಲ ಸಿದ್ದೇಶ್ ಮಗಳನ್ನೂ ಇಳಿಸಿಕೊಂಡು ಹೋಟೆಲಿನ ಬಚ್ಚಲಿನ ಕಡೆ ಕಳಿಸುತ್ತಿದ್ದ. ಅವನಿಗೆ ಆ ನಿಲುಗಡೆಗಳಿಂದ ಉಪಕಾರವೇ ಆಯಿತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕಡಲು ಕಂಡಿತು. ಬಿಂದು ಓಡಿಹೋಗಿ ಮೊದಲ ಅಲೆಗೇ ಮಂಡಿಯವರೆಗೆ ನೆನೆದು, ನಾಲಿಗೆ ಚಾಚಿ ನೀರು ರುಚಿ ನೋಡಿ, "ಥೂ, ನಿಜವಾಗ್ಲೂ ಉಪ್ಪು ಕಣಪ್ಪ!" ಎಂದು ಕೂಗಿದಳು. ಅಪ್ಪನ ದನಿಯೇ ಅವಳಿಗೂ ಬಂದಿತ್ತು. ಕತ್ತಲಾಗುವವರೆಗೆ ಅವಳನ್ನು ನೀರಿನಿಂದ ಎಬ್ಬಿಸಲು ಆಗಲಿಲ್ಲ.

ಲಾಡ್ಜಿಗೆ ಬಂದಾಗ ಸಮಾಚಾರ ಬೇರೆ ಇತ್ತು. ಗೊತ್ತು ಮಾಡಿದ್ದ ರೂಮುಗಳನ್ನು ಅವರು ಯಾವುದೋ ಮದುವೆಯವರಿಗೆ ಕೊಟ್ಟುಬಿಟ್ಟಿದ್ದರು. ಉಳಿದದ್ದು ಮಹಡಿಯ ಮೇಲೆ ಒಂದು ದೊಡ್ಡ ಹಾಲು, ಕೆಳಗೆ ಒಂದು ಸಣ್ಣ ರೂಮು. ಮಂಡಿ ನೋವೆಂದು ಸಣ್ಣ ರೂಮನ್ನು ಶಾಂತಾದೇವಿಯವರಿಗೆ ಬಿಟ್ಟರು. ಮಿಕ್ಕವರಿಗೆಲ್ಲ ಹಾಲಿನಲ್ಲಿ ಸಾಲಾಗಿ ಹಾಸಿಗೆ. ಸುಷ್ಮಿತಾ ತನ್ನ ಪಕ್ಕದ ದಿಂಬು ತಟ್ಟಿ, "ಬಿಂದು, ನೀನು ಇಲ್ಲೇ, ನನ್ನ ಪಕ್ಕನೇ!" ಎಂದು ಕರೆದಳು.

ಬಿಂದುವಿನ ಮುಖ ಸಣ್ಣದಾಯಿತು. ಅಪ್ಪನ ಅಂಗಿ ಹಿಡಿದು ಬಾಗಿಲ ಆಚೆಗೆ ಎಳೆದುಕೊಂಡು ಹೋದಳು. "ನಾನು ಇಲ್ಲಿ ಮಲಗಲ್ಲಪ್ಪ. ಎಲ್ರೂ ನೋಡ್ತಾರೆ. ಮನೇಗೆ ಹೋಗ್ಬುಡಣ."

ಸಿದ್ದೇಶ್ ಮೆಟ್ಟಿಲ ಮೇಲೆ ಕೂತ. "ಏನಾಗಲ್ಲ ಬಾ" ಎಂದು ಗದರಿ ಕರೆದುಕೊಂಡು ಹೋಗುವುದು ಅವನಿಗೆ ಸುಲಭವಿತ್ತು. ಆದರೆ ಅವಳು ಅವನ ಅಂಗಿಯನ್ನು ಇನ್ನೂ ಬಿಟ್ಟಿರಲಿಲ್ಲ. ಕೆಳಗೆ ಅಂಗಳದಲ್ಲಿ ಮಿನಿ ಬಸ್ಸು ನಿಂತಿತ್ತು. ಡ್ರೈವರು ಹಿಂದಿನ ಉದ್ದ ಸೀಟಿನ ಮೇಲೆ ಜಮಖಾನ ಹಾಸಿಕೊಳ್ಳುತ್ತಿದ್ದ. ಸಿದ್ದೇಶ್ ಇಳಿದುಹೋಗಿ ಅವನಿಗೆ, "ಅಣ್ಣ, ನಮ್ಮ ಹಾಸಿಗೆ ಮೇಲೆ ಖಾಲಿ ಐತೆ, ಫ್ಯಾನ್ ಕೆಳ್ಗೇ. ನೀವು ಹೋಗಿ ಆರಾಮಾಗಿ ಮಲ್ಕೊಳಿ. ನಾವು ಅಪ್ಪ ಮಗಳು ಬಸ್ಸಲ್ಲೇ ಇರ್ತೀವಿ. ನಂಗೆ ಬಸ್ಸಿನ ವಾಸ್ನೆ ಇಲ್ದಿದ್ರೆ ನಿದ್ದೆ ಬರಲ್ಲ" ಅಂದ. ಡ್ರೈವರಿಗೆ ಸಂತೋಷವೇ ಆಯಿತು. ಬಿಂದುವಿಗಂತೂ ಅದು ದೊಡ್ಡ ಆಟವಾಯಿತು. ರಬ್ಬರ್ ಶೀಟು, ಸೀರೆ ಎಲ್ಲವನ್ನೂ ತಾನೇ ಅಪ್ಪನಿಗೆ ಹೇಳಿಕೊಟ್ಟು ಹಾಸಿಸಿದಳು. "ಅಂಗಲ್ಲ ಅಪ್ಪ, ಅಮ್ಮ ತುದೀನ ಒಳಗೆ ಸಿಕ್ಕಿಸ್ತಾಳೆ." ಕಿಟಕಿಯಿಂದ ಅಲೆಯ ಸದ್ದು ಕೇಳುತ್ತಾ ನಿದ್ದೆಹೋದಳು.

ಬೆಳಕು ಹರಿಯುವಾಗ ಸಿದ್ದೇಶ್ ನೋಡಿದರೆ ಎಲ್ಲ ಒದ್ದೆ. ಬಿಂದುಗೆ ಎಚ್ಚರವಿತ್ತು. ಕಣ್ಣು ಮಾತ್ರ ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಅವನು ಬಾಯಿಗೆ ಬಂದ ಮಾತನ್ನು ನುಂಗಿಕೊಂಡ. ಟವೆಲ್ಲಿನಿಂದ ಅವಳನ್ನು ಸುತ್ತಿ, ಒಣ ಫ್ರಾಕು ಹಾಕಿದ.

"ಬೈಯಲ್ವಾ ಅಪ್ಪ?"

"ಯಾಕ್ ಬೈಲಿ? ಡಿಪೋಲಿ ದಿನಾ ಯಾವ್ದಾದ್ರೂ ಒಂದು ಬಸ್ಸು ನೀರು ಸೋರಿಸ್ತದೆ. ಅದುನ್ನ ನಿಲ್ಸಿ ಬೈತೀವಾ?"

"ನಾನು ಬಸ್ಸಾ?" ಎಂದು ಅವಳಿಗೆ ನಗು ಬಂತು.

ಇಬ್ಬರೂ ಬಟ್ಟೆ ಗಂಟು ಕಟ್ಟಿಕೊಂಡು ಲಾಡ್ಜಿನ ಹಿತ್ತಲಿನ ನಲ್ಲಿಗೆ ಹೋದರು. ಇಷ್ಟು ಬೇಗ ಅಲ್ಲಿ ಯಾರೂ ಇರುವುದಿಲ್ಲ ಎಂದುಕೊಂಡಿದ್ದರು. ಆದರೆ ಒಗೆಯುವ ಕಲ್ಲಿನ ಹತ್ತಿರ ಶಾಂತಾದೇವಿಯವರು ಸೆರಗು ಸಿಕ್ಕಿಸಿಕೊಂಡು ಬೆಡ್‌ಶೀಟು ಜಾಲಿಸುತ್ತಿದ್ದರು. ಇವರನ್ನು ಕಂಡು ಬೆಚ್ಚಿಬಿದ್ದರು.

"ಟೀ ಚೆಲ್ಬಿಡ್ತು ಕಣಪ್ಪ, ಹಾಸಿಗೆ ಮೇಲೆ" ಅಂದರು.

"ನಮ್ಮುದು ನೀರಿನ ಬಾಟ್ಲಿ ಮೇಡಂ. ಮುಚ್ಚಳ ಸಡಿಲ ಇತ್ತು, ಚೆಲ್ಬುಡ್ತು" ಅಂದ ಸಿದ್ದೇಶ್.

ಬಿಂದು ಅಪ್ಪನ ಮುಖ ನೋಡಿದಳು. ಇಷ್ಟು ಹೊತ್ತು ತನ್ನ ಜೊತೆ ನಗುತ್ತಿದ್ದ ಅಪ್ಪ ಈಗ ಯಾಕೆ ಹೀಗೆ ಹೇಳುತ್ತಾನೆ ಎಂದು ಅವಳಿಗೆ ಅರ್ಥವಾಗಲಿಲ್ಲ. "ಬಾಟ್ಲಿ ಅಲ್ಲ ಮಿಸ್" ಅಂದಳು. "ನಾನು ನಿದ್ದೇಲಿ ಸೂಸು ಮಾಡ್ಕೊಂಡೆ."

ಸಿದ್ದೇಶನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಶಾಂತಾದೇವಿ ನಲ್ಲಿ ನಿಲ್ಲಿಸಿದರು. ಕಲ್ಲಿನ ಅಂಚಿನ ಮೇಲೆ ಕೂತು ಮಗುವನ್ನು ಹತ್ತಿರ ಕರೆದರು.

"ನಂದೂ ಟೀ ಅಲ್ಲ ಕಣಮ್ಮ" ಅಂದರು.

ಬಿಂದು ಕಣ್ಣರಳಿಸಿದಳು. "ದೊಡ್ಡೋರಿಗೂ ಆಗುತ್ತಾ?"

"ಆಗುತ್ತೆ. ಕೆಮ್ಮಿದ್ರೆ ಆಗುತ್ತೆ, ನಕ್ರೆ ಆಗುತ್ತೆ, ರಾತ್ರಿ ಏಳೋದು ಒಂಚೂರು ತಡವಾದ್ರೆ ಆಗೇಹೋಗುತ್ತೆ. ಅದಕ್ಕೇ ನಾನು ಎಲ್ಲೂ ಹೋಗ್ತಿರಲಿಲ್ಲ. ತಂಗಿ ಮಗನ ಮದುವೆಗೂ ಹೋಗಲಿಲ್ಲ, ಚಪ್ಪರದ ಮನೇಲಿ ಎಲ್ಲರ ಮಧ್ಯೆ ಮಲಗಬೇಕಲ್ಲ ಅಂತ. ಒಂದ್ಸಲ ಸಮುದ್ರ ನೋಡ್ಬಿಡೋಣ ಅಂತ ಧೈರ್ಯ ಮಾಡಿ ಬಂದೆ." ಕೊನೆಯ ಮಾತು ಹೇಳುವಾಗ ಅವರು ಸಿದ್ದೇಶನ ಕಡೆ ನೋಡಿದರು. ದಾರಿಯುದ್ದಕ್ಕೂ ಅವರ ಕಾಲು ಯಾಕೆ ಜೋಮು ಹಿಡಿಯುತ್ತಿತ್ತು ಎಂದು ಅವನಿಗೆ ಆಗ ಹೊಳೆಯಿತು.

"ನಾನೂ ಅಂಗೇ ಮಿಸ್" ಅಂದಳು ಬಿಂದು. "ಸಮುದ್ರ ನೋಡ್ಬೇಕಿತ್ತು, ಅದಕ್ಕೇ ಬಂದೆ."

ಸಿದ್ದೇಶ್ ಶಾಂತಾದೇವಿಯವರ ಕೈಯಿಂದ ಬೆಡ್‌ಶೀಟು ತೆಗೆದುಕೊಂಡ. "ಬೇಡಪ್ಪ, ಬೇಡಪ್ಪ" ಎನ್ನುತ್ತಿದ್ದರೂ ಬಿಡದೆ ಎರಡೂ ಮನೆಯ ಬಟ್ಟೆಯನ್ನು ಒಟ್ಟಿಗೆ ಹಿಂಡಿ, ಬಸ್ಸಿನ ಮೇಲಿನ ಕಂಬಿಗೆ ಕಟ್ಟಿದ. ಕಡಲ ಗಾಳಿಗೆ ತಿಂಡಿಯ ಹೊತ್ತಿಗೇ ಒಣಗಿದವು. ವಿಜಯ್‌ಕುಮಾರ್ ಬಂದು, "ಇದೇನಪ್ಪ ಬೆಳಿಗ್ಗೆ ಬೆಳಿಗ್ಗೆ ಧೋಬಿ ಕೆಲಸ?" ಅಂದಾಗ, "ಮರಳು ಅಂಟ್ಕೊಂಡಿತ್ತು ಕಣೋ" ಎಂದು ಹೇಳಿ ಮುಗಿಸಿದ. ದನಿ ಎಷ್ಟು ಮೆಲ್ಲಗಿತ್ತೆಂದರೆ ವಿಜಯ್‌ಕುಮಾರ್ ಇನ್ನೊಂದು ಸಲ ಕೇಳಬೇಕಾಯಿತು.

ಎರಡನೆಯ ರಾತ್ರಿ ಬಿಂದುವನ್ನು ಶಾಂತಾದೇವಿಯವರೇ ತಮ್ಮ ರೂಮಿಗೆ ಕರೆದರು. "ನಿಮಗ್ಯಾಕೆ ತೊಂದ್ರೆ ಮೇಡಂ" ಎಂದು ಸಿದ್ದೇಶ್ ಸಂಕೋಚಪಟ್ಟ. "ನಾನು ಹೇಗೂ ಏಳ್ತಾನೇ ಇರ್ತೀನಿ. ಎದ್ದಾಗ ಇವಳನ್ನೂ ಎಬ್ಬಿಸ್ತೀನಿ. ಬಚ್ಚಲು ಪಕ್ಕದಲ್ಲೇ ಇದೆ. ನೀನು ಬಸ್ಸಲ್ಲಿ ಸೊಂಟ ಮುರ್ಕೋಬೇಡ" ಅಂದರು. ಬೆಳಿಗ್ಗೆ ಬಿಂದು ಓಡಿಬಂದು ವರದಿ ಒಪ್ಪಿಸಿದಳು. ಒಂದು ಸಲ ಎದ್ದು ಹೋಗಿದ್ದಳಂತೆ, ಆಮೇಲೆ ಮತ್ತೆ ಆಗಿತ್ತಂತೆ. "ಮಿಸ್ಸಿಗೆ ಆಗ್ಲಿಲ್ಲ, ನಂಗಷ್ಟೇ ಆಯ್ತು!" ಎಂದಳು. ಆಟದಲ್ಲಿ ಸೋತವಳು ಹೇಳುವ ಹಾಗಿತ್ತು, ಅಳುವಿರಲಿಲ್ಲ. ಹಿಂದೆ ನಿಂತಿದ್ದ ಶಾಂತಾದೇವಿ ನಕ್ಕು, ನಗುವುದರ ಅಪಾಯ ನೆನಪಾಗಿ ಸಟ್ಟನೆ ಬಾಯಿಗೆ ಸೆರಗು ಒತ್ತಿಕೊಂಡರು. ಅದನ್ನು ಕಂಡು ಬಿಂದು ಇನ್ನಷ್ಟು ನಕ್ಕಳು.

ಮೈಸೂರಿಗೆ ಮರಳಿದ ರಾತ್ರಿ ಬಿಂದು ಮಲಗಿದ ಮೇಲೆ ಸಿದ್ದೇಶ್ ಪವಿತ್ರಳಿಗೆ ತನ್ನ ಪಾಲಿನದೆಲ್ಲ ಹೇಳಿದ. ಆಮೇಲೆ, "ಇಷ್ಟು ವರ್ಷ ನೀನೊಬ್ಳೇ ಎದ್ದೆಯಲ್ಲೇ. ಡ್ಯೂಟಿಗೂ ಹೋಗ್ತಿದ್ದೆ. ನಂಗೆ ಎರಡು ದಿನಕ್ಕೇ ಕಣ್ಣು ಉರೀತದೆ" ಅಂದ. ಪವಿತ್ರಳ ಕಣ್ಣಲ್ಲಿ ನೀರು ತುಂಬಿತು. ಮರುದಿನದಿಂದ ಸಿದ್ದೇಶನ ಚಾಪೆ ಮಗಳ ಮಂಚದ ಪಕ್ಕಕ್ಕೆ ಬಂತು. ವಾರದ ರಾತ್ರಿಗಳಲ್ಲಿ ಅರ್ಧ ಅವನದು, ಅರ್ಧ ಅವಳದು ಎಂದಾಯಿತು. ಅವನ ಸರದಿಯ ಮೊದಲ ಬೆಳಿಗ್ಗೆ ಪವಿತ್ರ ಅಲಾರಂ ಹೊಡೆದರೂ ಏಳದೆ ಮಲಗಿಬಿಟ್ಟಳು. ಎದ್ದವಳು ಗಾಬರಿಯಿಂದ ತಾರಸಿಗೆ ಓಡಿದರೆ ಬಟ್ಟೆಗಳು ಆಗಲೇ ತಂತಿಯ ಮೇಲಿದ್ದವು. ಕ್ಲಿಪ್ಪುಗಳನ್ನು ಒಂದರ ಪಕ್ಕ ಒಂದು ಒತ್ತಾಗಿ ಹಾಕಿ, ಸಿದ್ದೇಶ್ ನಟ್ಟು ಬೋಲ್ಟು ಬಿಗಿದ ಹಾಗೆ ಬಿಗಿದಿದ್ದ.

ಶಾಂತಾದೇವಿಯವರ ಗುಟ್ಟನ್ನು ಮಾತ್ರ ಸಿದ್ದೇಶ್ ಹೆಂಡತಿಗೂ ಹೇಳಿರಲಿಲ್ಲ. ಕೆಲವು ದಿನಗಳ ಮೇಲೆ ಅವರೇ ಬಂದು ಪವಿತ್ರಳ ಹತ್ತಿರ ಅಡುಗೆಮನೆಯಲ್ಲಿ ಕೂತು ಹೇಳಿಕೊಂಡರು. "ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಅಂತ ಸುಮ್ಮನಿದ್ದೆ ಕಣಮ್ಮ. ಆ ಮಗು ಅಷ್ಟು ಸಲೀಸಾಗಿ ಹೇಳ್ಬಿಡ್ತು, ನನಗ್ಯಾಕೆ ನಾಚಿಕೆ ಅನ್ನಿಸ್ತು." ಪವಿತ್ರ ಅವರನ್ನು ತನ್ನ ಆಸ್ಪತ್ರೆಯ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಮಾತ್ರೆಯ ಜೊತೆಗೆ ದಿನವೂ ಮಾಡಬೇಕಾದ ಕೆಲವು ವ್ಯಾಯಾಮ ಹೇಳಿಕೊಟ್ಟರು. ಪೂರ್ತಿ ವಾಸಿಯಾಯಿತು ಎಂದಲ್ಲ, ಆದರೆ ದಸರಾ ಕಳೆದ ಮೇಲೆ ಅವರು ತಂಗಿಯ ಮನೆಗೆ ಹೋಗಿ ಒಂದು ವಾರ ನಿಂತು ಬಂದರು. ತಂಗಿಯ ಸೊಸೆಯನ್ನು ಅವರು ನೋಡಿದ್ದು ಅದೇ ಮೊದಲು.

ಬಿಂದುವಿಗೆ ಈಗ ಒಣ ರಾತ್ರಿಗಳೂ ಇವೆ, ಒದ್ದೆಯ ರಾತ್ರಿಗಳೂ ಇವೆ. ಮೊನ್ನೆ ಶನಿವಾರ ಸುಷ್ಮಿತಾ ತನ್ನ ಮನೆಯಲ್ಲಿ ಮಲಗಲು ಕರೆದಾಗ ಬಿಂದು ತಾನೇ ಅವಳ ಕಿವಿಯಲ್ಲಿ ವಿಷಯ ಹೇಳಿದಳಂತೆ. ಸುಷ್ಮಿತಾ ಒಂದು ಗಳಿಗೆ ಯೋಚಿಸಿ, "ಹಂಗಾದ್ರೆ ನೀನು ಗೋಡೆ ಕಡೆ ಬೇಡ, ಈಚೆ ಕಡೆ ಮಲ್ಕೋ. ಏಳೋಕೆ ಸುಲಭ" ಅಂದಳಂತೆ. ಅಷ್ಟೇ.

ಬಿಂದುವನ್ನು ಅಲ್ಲಿಗೆ ಬಿಟ್ಟುಬರಲು ಹೋದ ಸಿದ್ದೇಶ್ ಹಿಂದಿರುಗುವಾಗ ಶಾಂತಾದೇವಿಯವರ ಗೇಟಿನ ಮುಂದೆ ನಿಂತ. ಅವರು ಗಿಡಕ್ಕೆ ನೀರು ಹಾಕುತ್ತಿದ್ದರು. "ಮಗಳು ಮೊದಲನೇ ಸಲ ಒಬ್ಳೇ ಬೇರೆ ಮನೇಲಿ ಮಲಗ್ತಾವ್ಳೆ ಮೇಡಂ. ನಿಮ್ಮಿಂದ್ಲೇ" ಅಂದ. ಅವನ ಹಳೆಯ ದನಿಯಲ್ಲಿ ಹೇಳಿದ್ದರೆ ಬೀದಿಗೆಲ್ಲ ಕೇಳಿಸಿರುತ್ತಿತ್ತು. ಅವರಿಬ್ಬರಿಗಷ್ಟೇ ಕೇಳಿಸಿತು. "ನನ್ನಿಂದ ಅಲ್ಲ, ಹೋಗಪ್ಪ" ಎಂದು ಶಾಂತಾದೇವಿ ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟು, "ಕಾಫಿ ಕುಡಿದು ಹೋಗು ಬಾ" ಎಂದು ಗೇಟು ತೆಗೆದರು.