ಮೂರು ಬೆರಳಿನ ಅಳತೆ

ನೀವು ರಜೆಗೆ ಬಂದಾಗಲೆಲ್ಲ ನಾನು ಬಾಯಿ ತೆರೆಯಿರಿ, ಮೂರು ಬೆರಳು ಒಟ್ಟಿಗೆ ಇಟ್ಟು ತೋರಿಸಿ ಎನ್ನುತ್ತೇನೆ. ನೀವು ನಗುತ್ತೀರಿ. ಮೊನ್ನೆ ನಿಮ್ಮಲ್ಲಿ ದೊಡ್ಡವಳು, "ಅಜ್ಜಿಗೆ ಇದೊಂದು ಮರುಳು" ಎಂದಳು. ಎದುರು ಕುಳಿತು ಹೇಳಲು ನನಗೆ ಸಂಕೋಚ. ಅದಕ್ಕೆ ಬರೆದಿಡುತ್ತಿದ್ದೇನೆ.

ನಿಮ್ಮ ಅಜ್ಜನಿಗೆ ಕುಂಬ್ರ ಪೇಟೆಯಲ್ಲಿ ಅಡಿಕೆ ಖರೀದಿಯ ಅಂಗಡಿ ಇತ್ತು. ಕೆದಂಬಾಡಿ ಕಡೆಯಿಂದ ಗೋಣಿಗಳಲ್ಲಿ ಅಡಿಕೆ ಬರುತ್ತಿತ್ತು. ಗೋಣಿಗೆ ಕೈ ಹಾಕಿ ಒಂದು ಅಡಿಕೆ ತೆಗೆದು, ಅಡಕತ್ತರಿಯಿಂದ ಕತ್ತರಿಸಿ, ಒಳಗಿನ ಬಣ್ಣ ನೋಡಿ ದರ ಹೇಳುವುದು ಅವರ ಕ್ರಮ. ನೋಡಿಯಾದ ಹೋಳನ್ನು ಬಿಸಾಡುತ್ತಿರಲಿಲ್ಲ, ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಬೆಳಗ್ಗೆ ಅಂಗಡಿ ತೆರೆದಲ್ಲಿಂದ ಮುಚ್ಚುವವರೆಗೆ ಹೀಗೆಯೇ. ಹೊಗೆಸೊಪ್ಪು ಮುಟ್ಟಿದವರಲ್ಲ. ಬರೀ ಅಡಿಕೆ ತಿಂದರೆ ಏನಾಗುತ್ತದೆ ಎಂಬುದು ಅವರ ಮಾತು, ನಮ್ಮೆಲ್ಲರ ಮಾತೂ ಅದೇ ಆಗಿತ್ತು.

ಮೊದಲು ಅವರಿಗೆ ಖಾರ ಆಗದಾಯಿತು. ಬಾಯಿ ಉರಿಯುತ್ತದೆ ಎಂದರು. ಪ್ರಾಯವಾಯಿತಲ್ಲ ಎಂದು ನಾನು ಸಾರಿಗೆ ಮೆಣಸು ಕಡಿಮೆ ಮಾಡಿದೆ. ಆಮೇಲೆ ದೊಡ್ಡ ತುತ್ತು ಹೋಗದಾಯಿತು. ನೀರುದೋಸೆಯನ್ನು ಸಣ್ಣ ಸಣ್ಣದಾಗಿ ಹರಿದು ತಿನ್ನತೊಡಗಿದರು. ಮಾವಿನಹಣ್ಣನ್ನು ಕಚ್ಚಿ ತಿನ್ನುವವರು ಕತ್ತರಿಸಿ ಕೊಡು ಎಂದರು. ನಾನು ಕತ್ತರಿಸಿ ಕೊಟ್ಟೆ. ಇದೆಲ್ಲ ಒಂದು ದಿನದಲ್ಲಿ ಆದದ್ದಲ್ಲ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಆಗುತ್ತ ಬಂದದ್ದರಿಂದ ಮನೆಯಲ್ಲಿ ಯಾರ ಕಣ್ಣಿಗೂ ಅದು ಕಾಯಿಲೆಯಾಗಿ ಕಾಣಲಿಲ್ಲ.

ಒಂದು ಮಳೆಗಾಲ ಅವರಿಗೆ ಬಲಗಿವಿ ನೋವು ಶುರುವಾಯಿತು. ನುಂಗುವಾಗ ಜಾಸ್ತಿ. ಪುತ್ತೂರಿನ ಕಿವಿ ಡಾಕ್ಟರು ಕಿವಿ ನೋಡಿ, ಅಲ್ಲಿ ಏನೂ ಇಲ್ಲ, ಬಾಯಿ ತೆರೆಯಿರಿ ಎಂದರು. ಇವರು ತೆರೆದರು. "ಇನ್ನೂ ತೆರೀರಿ" ಎಂದರು ಡಾಕ್ಟರು. "ಇಷ್ಟೇ ಇರುದು ಡಾಕ್ಟ್ರೆ" ಎಂದರು ಇವರು. ಮೂಗಿನಿಂದ ಸಣ್ಣ ಕ್ಯಾಮರಾ ಇಳಿಸಿ ನೋಡಬೇಕಾಯಿತು. ನಾಲಗೆಯ ಬುಡದಲ್ಲಿ ಗಡ್ಡೆ. ಮಂಗಳೂರಿಗೆ ಬರೆದುಕೊಟ್ಟರು.

ಮಂಗಳೂರಿನಲ್ಲಿ ನೋಡಿದ್ದು ಹೆಂಗಸು ಡಾಕ್ಟರು, ನಿಮ್ಮ ಅತ್ತೆಯ ಪ್ರಾಯದವರು. ಗಡ್ಡೆ ಕ್ಯಾನ್ಸರಿನದ್ದು, ಆದರೆ ಇನ್ನೂ ಸಣ್ಣದು, ರೋಬೋಟ್ ಇಟ್ಟು ಬಾಯಿಯೊಳಗಿನಿಂದಲೇ ತೆಗೆಯಬಹುದು ಎಂದರು.

"ರೋಬೋಟ್ ತಾನೇ ಎಂತದೂ ಮಾಡುದಿಲ್ಲ. ನಾನು ಹತ್ತಿರ ಕೂತು ಆಡಿಸಿದ ಹಾಗೆ ಅದರ ಕೈ ಆಡುದು. ಆದರೆ ಆ ಕೈ ಒಳಗೆ ಹೋಗ್ಲಿಕ್ಕೆ ಬಾಯಿ ಮೂರು ಬೆರಳಿನಷ್ಟಾದ್ರೂ ತೆರೀಬೇಕು. ನಿಮ್ಮದು ಎರಡು ಬೆರಳಿಗೂ ಸಾಲುದಿಲ್ಲ."

"ಅದಕ್ಕೆ ಕೈ ಉಂಟು, ಬಾಯಿಲ್ಲ. ನನಗೆ ಬಾಯಿ ಉಂಟು, ತೆರೀಲಿಕ್ಕೆ ಆಗುದಿಲ್ಲ. ಒಳ್ಳೆ ಜೋಡಿ" ಎಂದರು ನಿಮ್ಮ ಅಜ್ಜ.

ಡಾಕ್ಟರು ನಗಲಿಲ್ಲ. ಅಡಿಕೆಯಿಂದಲೇ ಕೆನ್ನೆಯ ಒಳಗಿನ ಚರ್ಮ ಬಿಗಿದು ಹಗ್ಗದ ಹಾಗೆ ಆಗಿದೆ ಎಂದರು. ಬಾಯಿ ತೆರೆಯದಿದ್ದರೆ ಕೆಳತುಟಿ ಸೀಳಿ, ದವಡೆಯ ಎಲುಬು ಕೊಯ್ದು ಒಳಗೆ ಹೋಗಬೇಕು. ಅದಾದರೆ ತಿನ್ನುವುದು, ಮಾತಾಡುವುದು ಮೊದಲಿನ ಹಾಗೆ ಬರುವುದು ಕಷ್ಟ. ಆಪರೇಷನ್ನಿಗೆ ಇನ್ನೂ ಕೆಲವು ವಾರ ಇದೆ, ಅಷ್ಟರಲ್ಲಿ ಎಷ್ಟಾಗುತ್ತದೋ ನೋಡೋಣ, ಹೆಚ್ಚು ನಂಬಿಕೊಳ್ಳಬೇಡಿ ಎಂದು ಒಂದು ಕಟ್ಟು ಚಪ್ಪಟೆ ಮರದ ಕಡ್ಡಿ ಕೊಟ್ಟರು. ಐಸ್‌ಕ್ರೀಮಿನ ಕಡ್ಡಿಯಂಥವು. ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು ಎದುರು ಹಲ್ಲುಗಳ ನಡುವೆ ಕಚ್ಚಿಕೊಳ್ಳಬೇಕು, ನೋವಾದರೂ ಬಿಡಬಾರದು, ಆದ ಹಾಗೆ ಇನ್ನೊಂದು ಸೇರಿಸಬೇಕು.

ಅದನ್ನು ಮಾಡಿಸುವ ಕೆಲಸ ನನ್ನದಾಯಿತು. ಮದುವೆಯಾಗಿ ಅಷ್ಟು ವರ್ಷವಾದರೂ ನಾನು ಅವರ ಮುಖವನ್ನು ನೆಟ್ಟಗೆ ನೋಡಿ ಮಾತಾಡಿದವಳಲ್ಲ. ಈಗ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಕುಳಿತು ಅವರ ಹಲ್ಲುಗಳ ನಡುವೆ ಕಡ್ಡಿ ತೂರಿಸಬೇಕು. ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ನಾನು ಕಡ್ಡಿಯನ್ನು ಮಾತ್ರ ನೋಡುತ್ತಿದ್ದೆ.

ಅಂಗಡಿಯ ಪಕ್ಕದಲ್ಲಿ ಒಬ್ಬರು ಬ್ಯಾರಿ ವ್ಯಾಪಾರಿ ಇದ್ದರು, ಅವರದ್ದೂ ಅಡಿಕೆಯೇ. ನಿಮ್ಮ ಅಜ್ಜನಿಗೆ ಬಹಳ ಬೇಕಾದವರು. ಒಂದು ಸಂಜೆ ಇಬ್ಬರು ರೈತರನ್ನು ಕರೆದುಕೊಂಡು ನೋಡಲು ಬಂದರು.

"ಎಂತ ಮಾರಾಯ್ರೆ, ಬಾಯಿಗೆ ಬೇಲಿ ಹಾಕಿಸಿದ್ದೀರಿ? ಇನ್ನು ದರಕ್ಕೆ ಚರ್ಚೆ ಮಾಡುವವರು ಯಾರು?" ಎಂದು ನಗಿಸಿದರು. ಮೂರು ಬೆರಳಿನ ವಿಷಯ ನನ್ನಿಂದ ಕೇಳಿ, "ಅಷ್ಟೆಯಾ? ನೋಡಿ" ಎಂದು ತಮ್ಮ ಬೆರಳುಗಳನ್ನು ಬಾಯಿಗೆ ಇಟ್ಟರು. ಎರಡು ಹೋಯಿತು. ಮೂರನೆಯದು ಹೋಗಲಿಲ್ಲ.

"ನನ್ನ ಬೆರಳು ದಪ್ಪ ಅಕ್ಕ" ಎಂದರು.

ಜೊತೆಗೆ ಬಂದವರೂ ಇಟ್ಟು ನೋಡಿದರು. ಒಬ್ಬರಿಗೆ ಹೋಯಿತು. ಇನ್ನೊಬ್ಬರು ತೆಳ್ಳಗಿನ ಮನುಷ್ಯ, ಬೆರಳೂ ತೆಳ್ಳಗೆ, ಅವರಿಗೂ ಎರಡಕ್ಕೇ ನಿಂತಿತು. ಅವರು ಕೈಯನ್ನು ಮೆಲ್ಲಗೆ ಲುಂಗಿಗೆ ಒರೆಸಿಕೊಂಡರು. ಬ್ಯಾರಿ ವ್ಯಾಪಾರಿ ಎದ್ದು ಅಂಗಳದ ಬದಿಗೆ ಹೋಗಿ ಬಾಯಲ್ಲಿದ್ದ ಅಡಿಕೆಯನ್ನು ಉಗಿದು ಬಂದರು. 

ಕಡ್ಡಿ ಮಾತ್ರ ದಿನದಿಂದ ದಿನಕ್ಕೆ ಹೆಚ್ಚುತ್ತಿತ್ತು. ನಾನು ಒಳಗೊಳಗೇ ಖುಷಿಪಟ್ಟೆ, ದೇವರಿಗೆ ಹರಕೆಯನ್ನೂ ಹೇಳಿಕೊಂಡೆ. ಒಂದು ಬೆಳಗ್ಗೆ ಕಿಟಕಿಯ ಬೆಳಕಿಗೆ ಅವರ ಮುಖ ತಿರುಗಿಸಿ ನೋಡಿದಾಗ ಗೊತ್ತಾಯಿತು. ಬಲಗಡೆ ಒಂದು ಹಲ್ಲು ಬಿದ್ದ ಜಾಗವಿತ್ತು. ಅವರು ಕಡ್ಡಿಯ ಕಟ್ಟನ್ನು ನಾಲಗೆಯಿಂದ ಮೆಲ್ಲಗೆ ಅತ್ತ ಸರಿಸಿ ಆ ಸಂದಿಯಲ್ಲಿ ಕೂರಿಸುತ್ತಿದ್ದರು.

"ಇದೆಂತ ನೀವು ಮಾಡುದು?" ಎಂದೆ.

ಕಡ್ಡಿ ತೆಗೆದು, "ನೀನು ಒಂದೊಂದು ಹೆಚ್ಚಾಗುವಾಗ ಮುಖ ಅರಳಿಸ್ತಿ ಮಾರಾಯ್ತಿ. ಮತ್ತೆ ಕಡಿಮೆ ಮಾಡುದು ಹೇಗೆ?" ಎಂದರು.

ಎದುರು ಹಲ್ಲಿನಲ್ಲಿ ಇಟ್ಟು ನೋಡಿದರೆ ಮೊದಲ ವಾರದಿಂದ ಒಂದೇ ಒಂದು ಕಡ್ಡಿ ಹೆಚ್ಚಾಗಿತ್ತು. ಅಂದಿನಿಂದ ಅವರು ಮೋಸ ಮಾಡಲಿಲ್ಲ. ನಾನೂ ಮುಖದಲ್ಲಿ ಏನನ್ನೂ ತೋರಿಸಲಿಲ್ಲ.

ಆಪರೇಷನ್ನಿನ ದಿನ ನಾನು, ನಿಮ್ಮ ಅಪ್ಪ ಹೊರಗೆ ಬೆಂಚಿನಲ್ಲಿ ಕುಳಿತಿದ್ದೆವು. ಒಳಗೆ ಹೋಗಿ ಸ್ವಲ್ಪ ಹೊತ್ತಿಗೇ ಡಾಕ್ಟರು ಮಾಸ್ಕ್ ಇಳಿಸಿಕೊಂಡು ಹೊರಗೆ ಬಂದರು. ಅಷ್ಟು ಬೇಗ ಬಂದದ್ದು ನೋಡಿಯೇ ನನಗೆ ಅರ್ಥವಾಯಿತು.

"ಬಾಯಿ ಸಾಲಲಿಲ್ಲ ಅಮ್ಮ. ಎರಡು ಮೂರು ರೀತಿಯಲ್ಲಿ ಇಟ್ಟು ನೋಡಿದೆ. ರೋಬೋಟಿನ ಕೈ ನಾಲಗೆಯ ಬುಡದವರೆಗೆ ಮುಟ್ಟುದಿಲ್ಲ. ಇನ್ನು ಸೀಳಿಯೇ ಮಾಡ್ಬೇಕು" ಎಂದರು. ನಿಮ್ಮ ಅಪ್ಪ ತಲೆ ಆಡಿಸಿದ. ಆಪರೇಷನ್ ಮುಗಿಯುವಾಗ ಸಂಜೆಯಾಯಿತು.

ತುಟಿಯ ನಡುವಿನಿಂದ ಗದ್ದದ ಕೆಳಗಿನವರೆಗೆ ಒಂದು ಗೆರೆ ಉಳಿಯಿತು. ನಿಮ್ಮಲ್ಲಿ ದೊಡ್ಡವಳಿಗೆ ಅದರ ನೆನಪು ಇರಬಹುದು, ಅಜ್ಜನ ಹತ್ತಿರ ಹೋಗಲು ಹೆದರುತ್ತಿದ್ದಳು. ಕ್ಯಾನ್ಸರಿಗೆ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟ ಮೇಲೆ ಬಾಯಿ ಇನ್ನೂ ಬಿಗಿಯಿತು. ಚಮಚದ ತುದಿ ಹೋಗುವಷ್ಟು ಸಂದಿಯಲ್ಲಿ ಗಂಜಿಯ ತಿಳಿ ಕೊಡುತ್ತಿದ್ದೆ. ಮಾತು ನನಗೊಬ್ಬಳಿಗೇ ತಿಳಿಯುತ್ತಿತ್ತು. ಅಂಗಡಿಯನ್ನು ನೋಡುವವರಿಲ್ಲದೆ ಮುಚ್ಚಿದೆವು. ಎರಡನೆಯ ಮಳೆಗಾಲದಲ್ಲಿ ಕುತ್ತಿಗೆಯಲ್ಲಿ ಮತ್ತೆ ಗಡ್ಡೆ ಎದ್ದಿತು. ಈ ಸಲ ಡಾಕ್ಟರು ಕಡ್ಡಿ ಕೊಡಲಿಲ್ಲ.

ನಿಮ್ಮ ಅಜ್ಜ ಹೋದದ್ದು ಒಂದು ಮಧ್ಯಾಹ್ನ. ನಿಮ್ಮ ಅಪ್ಪ ತುಳಸಿ ನೀರು ಬಿಟ್ಟ. ಅದು ಒಳಗೆ ಇಳಿಯದೆ ಆ ಗೆರೆಯಲ್ಲೇ ಹರಿದು ದಿಂಬಿಗೆ ಹೋಯಿತು. ನೆರೆಮನೆಯ ಹೆಂಗಸು ಕಾಲ್ಬೆರಳು ಕಟ್ಟಿದರು. ಬಾಯಿ ತೆರೆದುಕೊಳ್ಳದ ಹಾಗೆ ಗದ್ದದಿಂದ ತಲೆಗೆ ಕಟ್ಟುತ್ತಾರಲ್ಲ, ಅದಕ್ಕೂ ಬಿಳಿ ಬಟ್ಟೆ ಹರಿದು ತಂದಿದ್ದರು. ಬಗ್ಗಿ ನೋಡಿ, ನನ್ನ ಮುಖ ನೋಡಿದರು.

"ಇದು ಬೇಡ ಅಲ್ವಾ ಅಕ್ಕ?" ಎಂದರು.

ಬೇಡ ಎಂದೆ.