ಭಾಗಮ್ಮ ನೋಡಿದ ಬೆಂಕಿ

ಗುರುವಯ್ಯನದು ರೈಲು ಹಳಿ ಬೆಸೆಯುವ ಕೆಲಸ. ಎರಡು ಹಳಿಗಳ ತುದಿಗೆ ಅಚ್ಚು ಕಟ್ಟಿ, ಮೇಲೊಂದು ಮೂಸೆ ಇಟ್ಟು, ಅಲ್ಯೂಮಿನಿಯಂ ಪುಡಿಯನ್ನೂ ಕಬ್ಬಿಣದ ತುಕ್ಕಿನ ಪುಡಿಯನ್ನೂ ಬೆರೆಸಿದ ಮದ್ದು ಸುರಿದು, ಸುರುಸುರು ಬತ್ತಿ ಚುಚ್ಚಿದರೆ ಆಯಿತು. ತುಕ್ಕಿನಲ್ಲಿರುವ ಆಮ್ಲಜನಕವನ್ನು ಅಲ್ಯೂಮಿನಿಯಂ ಕಿತ್ತುಕೊಳ್ಳುತ್ತದೆ, ಕಬ್ಬಿಣ ನೀರಾಗಿ ಅಚ್ಚಿಗಿಳಿದು ಹಳಿಗಳನ್ನು ಒಂದು ಮಾಡುತ್ತದೆ. ಆಗ ಏಳುವ ಬೆಳಕು ಬಿಳಿ. ಒಲೆಯ ಬೆಂಕಿಯ ಕೆಂಪು ಅದರಲ್ಲಿ ಹುಡುಕಿದರೂ ಸಿಗದು. ಕಪ್ಪು ಕನ್ನಡಕವಿಲ್ಲದೆ ನೋಡಿದವನು ಆಮೇಲೆ ಕಣ್ಣಿಗೆ ಒದ್ದೆ ಬಟ್ಟೆ ಹಾಕಿಕೊಂಡು ಬಿದ್ದಿರಬೇಕು.

ಕಂಟ್ರಾಕ್ಟರ್ ಕರೆದಲ್ಲಿಗೆಲ್ಲ ಗುರುವಯ್ಯ ಹೋದ. ಗುಂತಕಲ್ಲು, ಸೊಲ್ಲಾಪುರ, ಹೆಸರು ನೆನಪಿಲ್ಲದ ಎಷ್ಟೋ ಊರು. ಹೆಂಡತಿ ಭಾಗಮ್ಮ ಮಾತ್ರ ಮಲ್ಲಂದೂರಿನ ಎಸ್ಟೇಟಿನ ಲೈನ್ ಮನೆ ಬಿಟ್ಟು ಕದಲಲಿಲ್ಲ. ಕಾಫಿ ಕುಯ್ಯುವುದರಲ್ಲಿ ಅವಳ ಕೈಗೆ ಸಮನಾದ ಕೈ ಆ ತೋಟದಲ್ಲಿರಲಿಲ್ಲ. ಗಂಡ ಊರಿಗೆ ಬಂದಾಗಲೆಲ್ಲ ಅವಳದು ಒಂದೇ ವರಾತ.

“ಅದೆಂಥ ಬೆಂಕಿ ಮಾರಾಯ್ರೆ, ನಂಗೂ ಒಂದ್ಸಲ ತೋರ್ಸಿ.”

“ನೋಡಿದ್ರೆ ಕಣ್ಣು ಹೋಗತ್ತೆ ಕಣೇ” ಎಂದು ಅವನು ನಗುತ್ತಿದ್ದ. ತಮಾಷೆಗೆ ಆಡಿದ ಆ ಮಾತು ಮುಂದೆ ಅವನನ್ನು ಎಷ್ಟು ಸುಟ್ಟಿತೆಂದರೆ, ಮೂಸೆಯ ಬೆಂಕಿ ಅದರ ಮುಂದೆ ಏನೂ ಅಲ್ಲ.

ಭಾಗಮ್ಮನ ಕಣ್ಣು ಮಂಜಾಗತೊಡಗಿದಾಗ ಪೊರೆ ಇರಬೇಕು, ಕುಯ್ಲು ಮುಗಿದ ಮೇಲೆ ತೆಗೆಸಿದರಾಯಿತು ಎಂದುಕೊಂಡರು. ಕುಯ್ಲು ಮುಗಿಯಿತು, ಮಳೆ ಹಿಡಿಯಿತು, ಮತ್ತೆ ಕುಯ್ಲು ಬಂತು. ಹಣ್ಣು ಬೆರಳಿಗೆ ಮೆತ್ತಗೆ ಸಿಗುತ್ತದೆ, ಕಾಯಿ ಗಟ್ಟಿ. ಅಷ್ಟನ್ನೇ ನಂಬಿಕೊಂಡು ಅವಳು ಕೆಲಸ ಸಾಗಿಸಿದಳು, ಮೇಸ್ತ್ರಿಗೂ ಸುಳಿವು ಸಿಗಲಿಲ್ಲ. ಒಂದು ಸಂಜೆ ಬುಟ್ಟಿ ಹೊತ್ತು ಬಂದವಳು ದಾರಿಯಲ್ಲಿ ನಿಂತಿದ್ದ ಜೀಪಿಗೇ ಹೋಗಿ ಡಿಕ್ಕಿ ಹೊಡೆದಾಗ ಎಲ್ಲ ಬಯಲಾಯಿತು. ಚಿಕ್ಕಮಗಳೂರಿನ ಡಾಕ್ಟರು ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ಇದು ಪೊರೆಯಲ್ಲ, ಕಣ್ಣಿನ ನರವೇ ಒಣಗಿದೆ, ಮೊದಲೇ ಬರಬೇಕಿತ್ತು ಎಂದರು.

“ಬೆಳಕು ಮಾತ್ರ ಗೊತ್ತಾಗತ್ತೆ” ಎಂದಳು ಭಾಗಮ್ಮ. ಗುರುವಯ್ಯ ಆ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ.

ಆ ವರ್ಷವೇ ಚಿಕ್ಕಮಗಳೂರಿನ ಹೊರಗೆ ಹೊಸ ಹಳಿಯ ಕೆಲಸ ಬಂತು. ಬೆಳಕು ಗೊತ್ತಾಗುವುದಾದರೆ ತನ್ನ ಬೆಂಕಿ ಅವಳಿಗೆ ಕಂಡೇ ಕಾಣುತ್ತದೆ, ಇದು ಕಾಣದಿದ್ದರೆ ಇನ್ಯಾವುದೂ ಕಾಣದು ಎಂದು ಅವನ ಲೆಕ್ಕ. ಸೂಪರ್‌ವೈಸರ್ ಜಯಪ್ರಕಾಶರ ಮುಂದೆ ಹೋಗಿ ನಿಂತ.

“ಹೊರಗಿನವ್ರನ್ನ ಬಿಡೋ ಹಾಗಿಲ್ಲ ಗುರುವಯ್ಯ” ಎಂದವರು, ಅವನ ಮುಖ ನೋಡಿ, “ದೂರ ನಿಲ್ಲಿಸು. ನಾನು ನೋಡಿಲ್ಲ” ಎಂದರು.

ಭಾಗಮ್ಮ ಮದುವೆಮನೆಗೆ ಉಡುವ ಸೀರೆ ಉಟ್ಟು, ಹೂ ಮುಡಿದು ಬಂದಳು. ಗುರುವಯ್ಯ ಅವಳ ಭುಜ ಹಿಡಿದು ಮೂಸೆಯ ಕಡೆಗೆ ತಿರುಗಿಸಿ ನಿಲ್ಲಿಸಿದ. ಅವಳಿಗೆಂದೇ ತಂದಿದ್ದ ಕಪ್ಪು ಕನ್ನಡಕ ಕೈಯಲ್ಲಿತ್ತು. ಹಾಕಿದರೆ ಇದ್ದಬದ್ದ ಬೆಳಕೂ ಹೋಗುತ್ತದೆ. ಹಾಕದಿದ್ದರೆ ಕಣ್ಣು ಕೆಡುತ್ತದೆ. ಕೆಡುವುದಕ್ಕೆ ಇನ್ನೇನು ಉಳಿದಿದೆ ಎಂದುಕೊಂಡು ಕನ್ನಡಕವನ್ನು ಜೇಬಿಗಿಟ್ಟ.

ಬತ್ತಿ ಚುಚ್ಚಿದ. ಮದ್ದು ಬುಸುಗುಟ್ಟಿ ಹೊತ್ತಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಗುರುವಯ್ಯ ಮೂಸೆಗೆ ಬೆನ್ನು ಹಾಕಿ ನಿಂತ, ಹೆಂಡತಿಯ ಮುಖ ನೋಡುವುದಕ್ಕೆ. ಕೆಲಸದವರೆಲ್ಲ ಆಚೆ ತಿರುಗಿದ್ದರು. ಆ ಬಿಳಿ ಬೆಳಕು ಅವಳ ಮುಖದ ಮೇಲೆಲ್ಲ ಬಿದ್ದಿತ್ತು, ಹಣೆಯ ಒಂದೊಂದು ಗೆರೆಯೂ ಎಣಿಸುವ ಹಾಗಿತ್ತು. ಅವಳ ಕಣ್ಣುಗಳು ಅಗಲವಾಗಿ ತೆರೆದಿದ್ದವು. ರೆಪ್ಪೆ ಮಿಟುಕಲಿಲ್ಲ.

ಸದ್ದು ಅಡಗಿತು. ಅವನು ಹತ್ತಿರ ಹೋದ. ಕೇಳಬಾರದು ಎಂದುಕೊಂಡೇ ಕೇಳಿದ.

“ಕಂಡಿತಾ, ಭಾಗಾ?”

“ಕಂಡಿತು ಮಾರಾಯ್ರೆ. ಎಂಥ ಕೆಂಪು ಅದು! ಒಳ್ಳೆ ಹಣ್ಣಾದ ಕಾಫಿ ಹಾಗೆ.”

ಅವಳಿಗೆ ಏನೂ ಕಂಡಿರಲಿಲ್ಲ, ಆ ಬೆಳಕು ಕೂಡ. ಗಂಡನ ಮನಸ್ಸು ಮುರಿಯಬಾರದೆಂದು, ತಾನು ಕಂಡ ಬಣ್ಣಗಳಲ್ಲಿ ತನಗೆ ಎಲ್ಲಕ್ಕಿಂತ ಪ್ರೀತಿಯಾದದ್ದನ್ನು ಅವಳು ತೆಗೆದುಕೊಟ್ಟಿದ್ದಳು.

“ಹೌದು ಭಾಗಾ. ಕೆಂಪೇ” ಎಂದ.

ಮಲ್ಲಂದೂರಿನ ಬಸ್ಸಿನಲ್ಲಿ ಅವಳು ಪಕ್ಕದ ಸೀಟಿನವರಿಗೆಲ್ಲ ಕೆಂಪು ಬೆಂಕಿಯ ಸುದ್ದಿ ಹೇಳಿದಳು. ಗುರುವಯ್ಯ ಕಪ್ಪು ಕನ್ನಡಕ ಹಾಕಿಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಊರು ಹತ್ತಿರವಾದಾಗ ಭಾಗಮ್ಮ ಅವನ ಕೈ ತಡವಿ ಹಿಡಿದುಕೊಂಡಳು.

“ನೋಡಿ, ನನ್ನ ಕಣ್ಣಿಗೇನೂ ಆಗ್ಲಿಲ್ಲ. ಇಷ್ಟು ವರ್ಷ ಸುಮ್ನೆ ಹೆದರ್ಸ್ತಿದ್ರಿ” ಎಂದಳು.